‘ಫಾಯ್ಲ್ಸ್ ವಾರ್’ ನಾಟಕಮಾಲೆಯಲ್ಲಿ ಮಿಲ್ನರ್ ದಂಪತಿಗಳ ವಿರಸವೂ ವಿಚ್ಛೇದನದ ಪ್ರಶ್ನೆಯೂ

1

ಪತ್ತೇದಾರಿ ಕಥೆಯಲ್ಲಿ ದಾಂಪತ್ಯಕ್ಕೆ ಸಾಮಾನ್ಯವಾಗಿ ಗೌಣಸ್ಥಾನವೇ ದೊರೆಯುತ್ತ ಬಂದಿದೆ. ಗಂಡಹೆಂಡಿರ ವಿರಸವು ಅಲ್ಲಿ ಕೊಲೆಗೆ ಕಾರಣವಾಗಬಹುದು, ಸಂಶಯಕ್ಕೆ ಆಸ್ಪದವಾಗಬಹುದು, ವಾಚಕನ ದೃಷ್ಟಿಯನ್ನು ನಿಜವಾದ ಅಪರಾಧಿಯಿಂದ ಬೇರೆಡೆಗೆ ತಿರುಗಿಸುವ ಉಪಾಯವೂ ಆಗಬಹುದು. ಆದರೆ ಆ ವಿರಸವನ್ನೇ ಒಂದು ಸ್ವತಂತ್ರ ಮಾನವೀಯ ಸಮಸ್ಯೆಯೆಂದು ಗ್ರಹಿಸಿ, ಅದರ ಹುಟ್ಟು ಬೆಳವಣಿಗೆಗಳನ್ನು ಹಲವು ವರ್ಷಗಳ ಕಾಲ ಸಾವಧಾನವಾಗಿ ಚಿತ್ರಿಸಿದ ಕೃತಿಗಳು ವಿರಳ. ಅಂತಹ ವಿರಳ ಕೃತಿಗಳಲ್ಲಿ ಒಂದೆಂದು ಪರಿಗಣಿಸಬಹುದಾದ ಇಂಗ್ಲೆಂಡಿನ ದೂರದರ್ಶನ ನಾಟಕಮಾಲೆ ‘ಫಾಯ್ಲ್ಸ್ ವಾರ್’. ಆಂಥೊನಿ ಹೊರೊವಿಟ್ಸ್ ಅವರು ಕಲ್ಪಿಸಿದ ಈ ಮಾಲೆಯು 2002ರಲ್ಲಿ ಐ.ಟಿ.ವಿ. ಪ್ರಸಾರಕೇಂದ್ರದಲ್ಲಿ ಆರಂಭವಾಗಿ, ಒಟ್ಟು 28 ನಾಟಕಗಳನ್ನು ಕಂಡು, 2015ರಲ್ಲಿ ಮುಗಿಯಿತು.

ಇಂಗ್ಲೆಂಡಿನ ದಕ್ಷಿಣ ತೀರದ ಹೇಸ್ಟಿಂಗ್ಸ್ ಪಟ್ಟಣದ ಪೊಲೀಸ್ ಅಧಿಕಾರಿ ಕ್ರಿಸ್ಟಫರ್ ಫಾಯ್ಲನು ಇದರ ನಾಯಕ. ಎರಡನೆಯ ಮಹಾಯುದ್ಧವು ನಡೆಯುತ್ತಿರುವಾಗ, ದಿನಕ್ಕೆ ಸಾವಿರಾರು ಜನರು ಸಾಯುತ್ತಿರುವಾಗ, ಒಂದು ಪಟ್ಟಣದಲ್ಲಿ ನಡೆದ ಒಂದು ಕೊಲೆಯನ್ನು ವಿಚಾರಿಸುವುದರಲ್ಲಿ ಏನು ಅರ್ಥವಿದೆ ಎಂಬ ಪ್ರಶ್ನೆಯೇ ಈ ಮಾಲೆಯ ಮೂಲದ್ರವ್ಯ. ಒಬ್ಬೊಬ್ಬ ಮನುಷ್ಯನ ಜೀವಕ್ಕೂ ಬೆಲೆಯುಂಟು, ಯುದ್ಧವೆಂಬ ನೆಪದಿಂದ ಯಾರ ಲೆಕ್ಕವನ್ನೂ ಅಳಿಸಲಾಗದು ಎಂಬುದು ಫಾಯ್ಲನ ಉತ್ತರ. ಈ ಉತ್ತರವನ್ನು ನಾವು ನೆನಪಿನಲ್ಲಿಡಬೇಕು. ಫಾಯ್ಲನ ಸಹಾಯಕ ಪಾಲ್ ಮಿಲ್ನರನ ದಾಂಪತ್ಯದ ಕಥೆಯನ್ನು ನಾವು ಪರೀಕ್ಷಿಸಬೇಕಾದುದು ಇದೇ ಒರೆಗಲ್ಲಿನಿಂದ. ಆ ದಾಂಪತ್ಯದಲ್ಲಿ ಒಬ್ಬರ ಲೆಕ್ಕವು ಅಳಿಸಿಹೋಗಿದೆಯೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಕಥೆಯ ಸಾರವನ್ನು ಮೊದಲು ಹೇಳುವುದು ಉಚಿತ. ಮಿಲ್ನರನು ಯುದ್ಧಕ್ಕೆ ಮೊದಲು ಪೊಲೀಸ್ ಕೆಲಸದಲ್ಲಿದ್ದವನು. ಸೈನ್ಯಕ್ಕೆ ಸೇರಿ, 1940ರ ವಸಂತದಲ್ಲಿ ನಾರ್ವೆಯ ಟ್ರಾಂಡ್‌ಹೈಮ್ ಪ್ರದೇಶದ ಕಾಳಗದಲ್ಲಿ ಗಾಯಗೊಂಡು ಒಂದು ಕಾಲನ್ನು ಕಳೆದುಕೊಂಡನು. ಆ ಕಾರ್ಯಾಚರಣೆಯು ಬ್ರಿಟಿಷರಿಗೆ ಕೀರ್ತಿ ತಂದುದಲ್ಲ. ಏಪ್ರಿಲ್ ತಿಂಗಳಲ್ಲಿ ಇಳಿದ ಪಡೆಗಳನ್ನು ಮೇ ತಿಂಗಳ ಮೊದಲ ದಿನಗಳಲ್ಲಿಯೇ ಆ ಭಾಗದಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಆದುದರಿಂದ ಮಿಲ್ನರನ ತ್ಯಾಗಕ್ಕೆ ಜಯದ ಸಮಾಧಾನವೂ ಇಲ್ಲ. ಮಾಲೆಯ ಮೊದಲನೆಯ ನಾಟಕವಾದ ‘ದಿ ಜರ್ಮನ್ ವುಮನ್’ನಲ್ಲಿ ಅವನನ್ನು ನಾವು ಮೊದಲು ನೋಡುವುದು ಆಸ್ಪತ್ರೆಯ ಹಾಸಿಗೆಯ ಮೇಲೆ. ಫಾಯ್ಲನು ಅವನಿಗೆ ಕನಿಕರವನ್ನು ನೀಡುವುದಿಲ್ಲ, ಕೆಲಸವನ್ನು ನೀಡುತ್ತಾನೆ. ಮಿಲ್ನರನ ಪುನರ್ಜನ್ಮವು ಅಲ್ಲಿಂದ ಆರಂಭವಾಗುತ್ತದೆ.

ಮನೆಯಲ್ಲಿ ಮಾತ್ರ ಅಂತಹ ಪುನರ್ಜನ್ಮವಿಲ್ಲ. ಹೆಂಡತಿಯಾದ ಜೇನಳಿಗೆ ಗಂಡನ ಕೃತಕ ಕಾಲನ್ನು ಸಹಿಸುವುದು ಸಾಧ್ಯವಾಗುವುದಿಲ್ಲ. ಆಕೆ ಕ್ರೂರಿಯಲ್ಲ, ಕುಲಟೆಯೂ ಅಲ್ಲ, ಆಕೆಗೆ ಅಂಜಿಕೆ. ನೋಡಬೇಕಾದುದನ್ನು ನೋಡಲಾರಳು, ಮಾತನಾಡಬೇಕಾದುದನ್ನು ಆಡಲಾರಳು. ಮನೆಯ ಈ ಮೌನದ ಫಲವನ್ನು ‘ದಿ ವೈಟ್ ಫೆದರ್’ ನಾಟಕವು ಬಹು ಸೂಕ್ಷ್ಮವಾಗಿ ತೋರಿಸುತ್ತದೆ. ಡನ್‌ಕರ್ಕಿನ ಹಿನ್ನಡೆಯ ದಿನಗಳಲ್ಲಿ, ಮನೆಯಲ್ಲಿ ನೆಲೆ ಸಿಕ್ಕದ ಮಿಲ್ನರನು ಗೈ ಸ್ಪೆನ್ಸರನೆಂಬ ನಾಟ್ಸೀ ಪಕ್ಷಪಾತಿಯ ಸಭೆಗೆ ಹೋಗಿ ಕುಳಿತುಕೊಳ್ಳುತ್ತಾನೆ. ಅವನನ್ನು ಅಲ್ಲಿಗೆ ಎಳೆದದ್ದು ರಾಜಕೀಯ ಸಿದ್ಧಾಂತವಲ್ಲ. ತನ್ನನ್ನು ಆದರದಿಂದ ಬರಮಾಡಿಕೊಳ್ಳುವ ಒಂದು ಸ್ಥಳ. ಹೆಂಡತಿಯ ಮುಖ ತಿರುಗಿದಲ್ಲಿ ವಿಷವಿಕ್ಕುವವನ ಮುಗುಳುನಗೆಯೂ ಸಿಹಿಯಾಗುತ್ತದೆಂಬ ಈ ಚಿತ್ರವು ನಾಟಕಕಾರರ ಮನೋಧರ್ಮಜ್ಞಾನಕ್ಕೆ ಸಾಕ್ಷಿ.

ಕಾಲಕ್ರಮದಲ್ಲಿ ಜೇನಳು ಗಂಡನನ್ನು ಬಿಟ್ಟು ಹೋಗುತ್ತಾಳೆ. 1942ರ ಸುಮಾರಿಗೆ ಮಿಲ್ನರನಿಗೆ ಈಡಿತ್ ಆಶ್‌ಫರ್ಡ್ ಎಂಬ ಹಳೆಯ ಪರಿಚಯದ ಹೆಂಗಸಿನ ಸ್ನೇಹವು ಒದಗುತ್ತದೆ, ಸ್ನೇಹವು ಅನುರಾಗವಾಗುತ್ತದೆ. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ನಡೆಯುವ ‘ಬ್ಲೀಕ್ ಮಿಡ್‌ವಿಂಟರ್’ (ಪ್ರಸಾರ: 2007) ನಾಟಕದಲ್ಲಿ ಜೇನಳು ಅನಿರೀಕ್ಷಿತವಾಗಿ ಹಿಂದಿರುಗುತ್ತಾಳೆ, ಮತ್ತೆ ಕೂಡಿ ಬಾಳುವ ಆಸೆ ಅವಳದು. ಮಿಲ್ನರನು ಒಪ್ಪುವುದಿಲ್ಲ. ವಿಚ್ಛೇದನದ ಪ್ರಶ್ನೆ ಇಬ್ಬರ ನಡುವೆ ನಿಲ್ಲುತ್ತದೆ. ಅಷ್ಟರಲ್ಲಿಯೇ ಜೇನಳು ಕೊಲೆಯಾಗುತ್ತಾಳೆ. ಸಂಶಯವು ಸಹಜವಾಗಿಯೇ ಗಂಡನ ಮೇಲೆ ಬೀಳುತ್ತದೆ. ಆದರೆ ಕೊಂದವನು ಅವನಲ್ಲ; ಕೊಲೆಯ ಕಾರಣಕ್ಕೂ ಆ ದಾಂಪತ್ಯಕ್ಕೂ ಸಂಬಂಧವಿಲ್ಲ. ಮುಂದೆ ಮಿಲ್ನರನು ಈಡಿತಳನ್ನು ಮದುವೆಯಾಗುತ್ತಾನೆ. ಯುರೋಪಿನಲ್ಲಿ ಯುದ್ಧವು ಮುಗಿಯುವ ಹೊತ್ತನ್ನು ಚಿತ್ರಿಸುವ ‘ಆಲ್ ಕ್ಲಿಯರ್’ (ಪ್ರಸಾರ: 2008) ನಾಟಕದಲ್ಲಿ ಅವರಿಗೆ ಮಗಳು ಹುಟ್ಟುತ್ತಾಳೆ.

3

ಈ ಕಥೆಯ ಗುಣದೋಷಗಳನ್ನು ಅಳೆಯಬೇಕಾದರೆ ಆ ಕಾಲದ ಇಂಗ್ಲೆಂಡಿನ ವಿಚ್ಛೇದನ ಕಾಯಿದೆಯ ಪರಿಚಯವು ಅವಶ್ಯಕ. ಏಕೆಂದರೆ ಇಂದಿನ ಪ್ರೇಕ್ಷಕನು “ವಿಚ್ಛೇದನ” ಎಂಬ ಮಾತನ್ನು ಕೇಳಿದೊಡನೆ, ಇಬ್ಬರು ಬೇರೆಯಾಗಲು ಮನಸ್ಸು ಮಾಡಿದರೆ ಅದು ದೊರೆಯತಕ್ಕದ್ದೆಂದು ಭಾವಿಸುವುದು ಸಹಜ. 1942ರಲ್ಲಿ ಸಂಗತಿ ಹಾಗಿರಲಿಲ್ಲ.

1857ರ ಕಾಯಿದೆಯು ವಿಚ್ಛೇದನವನ್ನು ಸಿವಿಲ್ ನ್ಯಾಯಾಲಯದ ಅಧಿಕಾರಕ್ಕೆ ಒಳಪಡಿಸಿತು. ಗಂಡನಾದವನು ಹೆಂಡತಿಯ ವ್ಯಭಿಚಾರವೊಂದನ್ನೇ ರುಜುವಾತು ಮಾಡಿದರೆ ಸಾಕಾಗಿತ್ತು. ಹೆಂಡತಿಯು ಗಂಡನ ವ್ಯಭಿಚಾರದ ಜೊತೆಗೆ ಇನ್ನೊಂದು ಘೋರ ಅಪರಾಧವನ್ನೂ ತೋರಿಸಬೇಕಾಗಿತ್ತು. ಈ ಅಸಮಾನತೆಯನ್ನು 1923ರ ಕಾಯಿದೆಯು ತೊಡೆದುಹಾಕಿತು. ಆದರೂ ವ್ಯಭಿಚಾರವನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲದಂತಿದ್ದುದರಿಂದ, ಬೇರೆಯಾಗಬಯಸಿದ ಸಭ್ಯ ದಂಪತಿಗಳು ಸುಳ್ಳುಸಾಕ್ಷಿಗೆ ಶರಣಾಗುತ್ತಿದ್ದರು. ಗಂಡನು ಗೊತ್ತುಮಾಡಿದ ಹೆಂಗಸೊಬ್ಬಳೊಡನೆ ಹೋಟೆಲಿನಲ್ಲಿ ರಾತ್ರಿ ಕಳೆದಂತೆ ನಟಿಸುವುದು, ಬೆಳಗ್ಗೆ ಚಹಾ ತರುವ ಸೇವಕಿ ಅದಕ್ಕೆ ಸಾಕ್ಷಿಯಾಗುವುದು ಒಂದು ಪದ್ಧತಿಯೇ ಆಗಿಹೋಗಿತ್ತು. ಎ. ಪಿ. ಹರ್ಬರ್ಟ್ ಅವರು 1934ರಲ್ಲಿ ‘ಹೋಲಿ ಡೆಡ್‌ಲಾಕ್’ ಎಂಬ ಕಾದಂಬರಿಯಲ್ಲಿ ಇದನ್ನು ವಿಡಂಬಿಸಿದರು. ಅನಂತರ ಪಾರ್ಲಿಮೆಂಟಿನ ಸದಸ್ಯರಾಗಿ 1937ರ ಕಾಯಿದೆಯನ್ನು ತಾವೇ ಮುಂದೆ ನಿಂತು ಮಾಡಿಸಿದರು. ಅದು 1938ರ ಆರಂಭದಿಂದ ಜಾರಿಗೆ ಬಂದಿತು. ವ್ಯಭಿಚಾರದ ಜೊತೆಗೆ ಕ್ರೌರ್ಯ, ಗುಣವಾಗದ ಚಿತ್ತವಿಕಲತೆ, ಮೂರು ವರ್ಷಗಳ ಪರಿತ್ಯಾಗ—ಇವನ್ನೂ ಅದು ವಿಚ್ಛೇದನಕ್ಕೆ ಆಧಾರಗಳೆಂದು ಒಪ್ಪಿತು. ಆದರೆ ಇಬ್ಬರೂ ಸೇರಿ ಒಳಒಪ್ಪಂದ ಮಾಡಿಕೊಂಡು ಬಂದರೆ ಅರ್ಜಿಯು ಬಿದ್ದುಹೋಗುತ್ತಿತ್ತು. ಒಬ್ಬರು ತಪ್ಪಿತಸ್ಥರು, ಒಬ್ಬರು ನಿರಪರಾಧಿಗಳು ಎಂಬ ತತ್ತ್ವವು ಹಾಗೆಯೇ ಉಳಿಯಿತು.

ಈ ಕಾಯಿದೆಯನ್ನು ಮಿಲ್ನರ್ ದಂಪತಿಗಳಿಗೆ ಅನ್ವಯಿಸಿ ನೋಡೋಣ. 1940ರ ಮೇ ತಿಂಗಳ ಘಟನೆಗಳಲ್ಲಿ ಜೇನಳು ಇನ್ನೂ ಗಂಡನ ಜೊತೆಯಲ್ಲಿದ್ದಾಳೆ. ಆಕೆ ಬಿಟ್ಟುಹೋದುದು ಅದಕ್ಕೂ ಈಚೆಗೆ. ಹಾಗಾದರೆ 1942ರ ಡಿಸೆಂಬರಿನಲ್ಲಿ ಪರಿತ್ಯಾಗದ ಮೂರು ವರ್ಷಗಳು ತುಂಬಿರಲಾರವು. ಅವಳು ವ್ಯಭಿಚಾರ ಮಾಡಿದಳೆಂಬ ಆರೋಪವನ್ನು ನಾಟಕವು ಎಲ್ಲಿಯೂ ಹೊರಿಸುವುದಿಲ್ಲ. ಗಂಡನ ಅಂಗವೈಕಲ್ಯವನ್ನು ಕಂಡು ಅಂಜುವುದು ಕಾಯಿದೆಯ ಅರ್ಥದಲ್ಲಿ ಕ್ರೌರ್ಯವಾಗದು. ಆದುದರಿಂದ ಮಿಲ್ನರನ ಕೈಯಲ್ಲಿ ವಿಚ್ಛೇದನಕ್ಕೆ ಯಾವ ಆಧಾರವೂ ಇರಲಿಲ್ಲ.

ಇನ್ನೂ ಮುಖ್ಯವಾದ ಸಂಗತಿಯೊಂದುಂಟು. ತೊರೆದುಹೋದವರು ಅವಧಿ ತುಂಬುವುದಕ್ಕೆ ಮೊದಲೇ ಪ್ರಾಮಾಣಿಕವಾಗಿ ಹಿಂದಿರುಗಲು ಮುಂದಾದರೆ, ಆಂಗ್ಲ ನ್ಯಾಯದ ಪ್ರಕಾರ ಪರಿತ್ಯಾಗವು ಅಲ್ಲಿಗೇ ಕೊನೆಗೊಳ್ಳುತ್ತಿತ್ತು. ಸಕಾರಣವಿಲ್ಲದೆ ಅವರನ್ನು ಸೇರಿಸಿಕೊಳ್ಳದವರೇ ಮುಂದೆ ಪರಿತ್ಯಾಗಿಗಳೆನಿಸಿಕೊಳ್ಳುವ ಸಂಭವವಿತ್ತು. ಜೇನಳ ಹಿಂದಿರುಗುವಿಕೆಯ ಅರ್ಥವು ಈಗ ಸ್ಪಷ್ಟವಾಗುತ್ತದೆ. ಆಕೆ ಬಾಗಿಲಲ್ಲಿ ಬಂದು ನಿಂತ ಕ್ಷಣದಲ್ಲಿ ನ್ಯಾಯದ ತಕ್ಕಡಿಯು ತಿರುಗಿತು. ಈಡಿತಳ ಸ್ನೇಹವು ಎಷ್ಟೇ ನಿರ್ಮಲವಾಗಿದ್ದರೂ, ಇನ್ನು ಮೇಲೆ ತಪ್ಪಿತಸ್ಥನೆಂದು ಹೇಳಿಸಿಕೊಳ್ಳಬೇಕಾದವನು ಮಿಲ್ನರನು. ಬಿಡುಗಡೆಯನ್ನು ಕೊಡುವ ಅಥವಾ ಕೊಡದಿರುವ ಅಧಿಕಾರವು ಜೇನಳದು. ಮದುವೆಯ ಬೀಗದಕೈ ಇದ್ದುದು ಅವಳ ಕೈಯಲ್ಲಿ.

ಬೀಗದಕೈ ಹಿಡಿದು ಬಂದವಳನ್ನು ನಾಟಕವು ಕೊಂದುಹಾಕುತ್ತದೆ.

4

ಕೊಲೆಯಿಲ್ಲದೆ ಪತ್ತೇದಾರಿ ನಾಟಕವಿಲ್ಲ, ಯಾರಾದರೂ ಸಾಯಲೇಬೇಕಷ್ಟೆ, ಜೇನಳೇ ಏಕಾಗಬಾರದು ಎಂದು ಕೇಳುವವರುಂಟು. ಈ ಆಕ್ಷೇಪವನ್ನು ಲಘುವಾಗಿ ಭಾವಿಸಲಾಗದು. ಜೇನಳ ಸಾವಿನಿಂದ ನಾಟಕಕ್ಕೆ ಬಂದ ಲಾಭವೂ ಸಣ್ಣದಲ್ಲ. ತನ್ನ ನೆಚ್ಚಿನ ಸಹಾಯಕನ ಮೇಲೆಯೇ ಸಂಶಯವು ಬಿದ್ದಾಗ ಫಾಯ್ಲನ ನ್ಯಾಯನಿಷ್ಠೆಯು ಪರೀಕ್ಷೆಗೊಳಗಾಗುತ್ತದೆ. ಮಿಲ್ನರನಾದರೂ ಅನ್ಯರ ಮನೆಯ ಗುಟ್ಟುಗಳನ್ನು ಕೆದಕುತ್ತಿದ್ದವನು, ಈಗ ತನ್ನ ಮನೆಯ ಗುಟ್ಟನ್ನು ಅನ್ಯರ ಮುಂದೆ ಬಿಚ್ಚಬೇಕಾಗುತ್ತದೆ. ಈ ಸನ್ನಿವೇಶಗಳಲ್ಲಿ ಆಂಥೊನಿ ಹಾವೆಲ್ ಅವರ ಸಂಯಮದ ಅಭಿನಯವನ್ನೂ, ಅಲ್ಪ ಅವಕಾಶದಲ್ಲಿಯೇ ಮಾಲಿ ಹ್ಯಾರಿಸ್ ಅವರು ಜೇನಳಿಗೆ ತುಂಬಿದ ಜೀವಕಳೆಯನ್ನೂ ಮೆಚ್ಚಲೇಬೇಕು.

ಆದರೂ ದೋಷವು ದೋಷವೇ. ಆನಂದವರ್ಧನನು ರಸಭಂಗಕ್ಕೆ ಅನೌಚಿತ್ಯಕ್ಕಿಂತ ಬೇರೆ ಕಾರಣವಿಲ್ಲವೆಂದು ಸಾರಿದ್ದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯ ಅನೌಚಿತ್ಯವು ಸಾವಿನಲ್ಲಿಲ್ಲ. ಸಾವಿನ ಹೊತ್ತಿನಲ್ಲಿದೆ, ಅದರ ಪ್ರಯೋಜನದಲ್ಲಿದೆ. ದಾಂಪತ್ಯದ ಕಥೆಯನ್ನು ನಾಟಕವು ಒಂದು ಪ್ರಶ್ನೆಯ ತುದಿಯವರೆಗೆ ತಂದು ನಿಲ್ಲಿಸಿತು: ಅಂಜಿ ಓಡಿಹೋದವಳು ಪಶ್ಚಾತ್ತಾಪಪಟ್ಟು ಮರಳಿದರೆ, ಅಷ್ಟರಲ್ಲಿ ಬೇರೊಬ್ಬಳಲ್ಲಿ ಮನಸ್ಸಿಟ್ಟವನು ಏನು ಮಾಡಬೇಕು? ಈ ಪ್ರಶ್ನೆಗೆ ಯಾವ ಉತ್ತರವನ್ನು ಕೊಟ್ಟರೂ ಯಾರಿಗಾದರೂ ನೋವು ತಪ್ಪದು. ಮಿಲ್ನರನು ಜೇನಳನ್ನು ಸ್ವೀಕರಿಸಿದರೆ ಈಡಿತಳಿಗೆ ಅನ್ಯಾಯ. ನಿರಾಕರಿಸಿದರೆ ಧೀರನೂ ಸಜ್ಜನನೂ ಆದ ಅವನು ನ್ಯಾಯಾಲಯದಲ್ಲಿ ತಪ್ಪಿತಸ್ಥನಾಗಿ ನಿಲ್ಲಬೇಕು. ಕಷ್ಟವಾದ ಈ ಪ್ರಶ್ನೆಯನ್ನು ನಾಟಕವು ಉತ್ತರಿಸಲಿಲ್ಲ. ಪ್ರಶ್ನೆ ಕೇಳಿದವಳನ್ನೇ ರಂಗದಿಂದ ಸರಿಸಿತು. ಕೊಲೆಯ ಕಾರಣವು ದಾಂಪತ್ಯದಿಂದ ಹುಟ್ಟಿದ್ದರೆ ಆ ಸಾವಿಗೆ ದುರಂತದ ಘನತೆಯಾದರೂ ಬರುತ್ತಿತ್ತು. ಅದು ಹೊರಗಿನ ಕಾರಣದಿಂದ ಬಂದುದರಿಂದ ಕೇವಲ ಸೌಕರ್ಯವಾಗಿ ತೋರುತ್ತದೆ.

ಸೌಕರ್ಯವೆಂದು ನಾವು ಹೇಳುವುದಕ್ಕೆ ಮತ್ತೊಂದು ಆಧಾರವುಂಟು. ವಿಚ್ಛೇದನ ಪಡೆದವರಿಗೆ, ಅವರ ಹಿಂದಿನ ಸಂಗಾತಿಯು ಬದುಕಿರುವಾಗ, ಮರುಮದುವೆ ಮಾಡಿಸಲು ಪಾದ್ರಿಗಳನ್ನು ಬಲವಂತಪಡಿಸಕೂಡದೆಂದು 1937ರ ಕಾಯಿದೆಯೇ ಹೇಳಿತ್ತು. ಅಂತಹ ಮದುವೆಗಳನ್ನು ಇಂಗ್ಲೆಂಡಿನ ಚರ್ಚು ಒಪ್ಪುತ್ತಿರಲಿಲ್ಲ. ವಿಧುರನಿಗಾದರೆ ಈ ಅಡ್ಡಿಯಿಲ್ಲ. ವಿಚ್ಛೇದಿತನಾದ ಪೊಲೀಸ್ ಅಧಿಕಾರಿಗೆ ಅಂಟಿಕೊಳ್ಳುತ್ತಿದ್ದ ಲೋಕಾಪವಾದವು ವಿಧುರನಾದ ಮಿಲ್ನರನಿಗೆ ಅಂಟುವುದಿಲ್ಲ. ಅವನ ಎರಡನೆಯ ಮದುವೆಯು ನಿಷ್ಕಳಂಕವಾಗುತ್ತದೆ. ಜಯದ ಗಳಿಗೆಯಲ್ಲಿ ಹುಟ್ಟಿದ ಮಗುವಿನ ಸಂತೋಷಕ್ಕೆ ಹಿಂದಿನ ನೆರಳು ತಾಗುವುದಿಲ್ಲ. ಪ್ರೇಕ್ಷಕರ ಪ್ರೀತಿಗೆ ಪಾತ್ರನಾದ ನಾಯಕನ ಕೈ ಕೊಳೆಯಾಗದಿರಲೆಂದು ಹೆಂಡತಿಯ ಜೀವವು ವೆಚ್ಚವಾಯಿತು.

5

ಹೋಲಿಕೆಗಾಗಿ ಯುದ್ಧವು ಮುಗಿದೊಡನೆಯೇ ಬಂದ ಕೃತಿಯೊಂದನ್ನು ನೋಡಬಹುದು. ವಿಲಿಯಂ ವೈಲರ್ ಅವರು ನಿರ್ದೇಶಿಸಿದ ಅಮೆರಿಕದ ಚಲನಚಿತ್ರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ 1946ರದು. ಅದರಲ್ಲಿ ಎರಡು ಕೈಗಳನ್ನೂ ಕಳೆದುಕೊಂಡ ನಾವಿಕನ ಪಾತ್ರವನ್ನು ವಹಿಸಿದ ಹ್ಯಾರಲ್ಡ್ ರಸೆಲ್ ಅವರು ನಿಜಜೀವನದಲ್ಲಿಯೂ ಸೈನ್ಯದಲ್ಲಿದ್ದಾಗ ಕೈಗಳನ್ನು ಕಳೆದುಕೊಂಡವರೇ. ಆ ನಾವಿಕನು ತನ್ನನ್ನು ಮದುವೆಯಾಗಬೇಕೆಂದಿರುವ ಹುಡುಗಿಯನ್ನು ಕೋಣೆಗೆ ಕರೆದು, ರಾತ್ರಿ ಕೃತಕ ಕೈಗಳನ್ನು ಕಳಚಿದ ಮೇಲೆ ತಾನು ಎಷ್ಟು ಅಸಹಾಯಕನೆಂಬುದನ್ನು ತೋರಿಸುತ್ತಾನೆ. ಅವಳು ನೋಡುತ್ತಾಳೆ, ನೋಡಿದ ಮೇಲೂ ಅವನನ್ನು ಒಪ್ಪುತ್ತಾಳೆ. ಅದೇ ಚಿತ್ರದಲ್ಲಿ ಇನ್ನೊಬ್ಬ ಯೋಧನ ಹೆಂಡತಿಯು ಗಂಡನ ಬಡತನಕ್ಕೆ ಬೇಸತ್ತು, ತಾನು ವಿಚ್ಛೇದನ ಪಡೆಯುವೆನೆಂದು ಹೇಳಿ ಹೊರಟುಹೋಗುತ್ತಾಳೆ. ಅವಳ ವಿಷಯದಲ್ಲಿ ಚಿತ್ರಕ್ಕೆ ಹೆಚ್ಚಿನ ಅನುಕಂಪವಿಲ್ಲ. ಆದರೂ ತನ್ನ ಮಾತನ್ನು ತಾನೇ ಆಡಿ, ತನ್ನ ಕಾಲಿನಿಂದಲೇ ನಡೆದುಹೋಗುವ ಹಕ್ಕನ್ನು ಅದು ಅವಳಿಗೆ ಬಿಟ್ಟಿದೆ. ಜೇನಳಿಗೆ ಅಷ್ಟೂ ದೊರೆಯಲಿಲ್ಲ.

ನೋಡುವುದನ್ನು ಕಲಿಸಬಹುದೆಂಬುದಕ್ಕೆ ಹೇಸ್ಟಿಂಗ್ಸ್ ಪಟ್ಟಣವಿರುವ ಸಸೆಕ್ಸ್ ಸೀಮೆಯಲ್ಲಿಯೇ ದೊಡ್ಡ ದೃಷ್ಟಾಂತವಿದೆ. ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ಎಂಬ ಶಸ್ತ್ರವೈದ್ಯರು, ವಿಮಾನಗಳಲ್ಲಿ ಸುಟ್ಟು ವಿಕಾರಗೊಂಡ ಯೋಧರ ಮುಖಗಳನ್ನೂ ಕೈಗಳನ್ನೂ ಸರಿಪಡಿಸುತ್ತಿದ್ದರು. ಅವರು ಚರ್ಮವನ್ನು ಕಸಿಮಾಡಿದಷ್ಟರಿಂದಲೇ ತೃಪ್ತರಾಗಲಿಲ್ಲ. ಯೋಧರನ್ನು ಊರೊಳಗೆ ಕಳುಹಿಸಿದರು. ಊರವರು ಅವರನ್ನು ಮನೆಗೆ ಕರೆದು ಉಣ್ಣಿಸುವಂತೆ, ಮುಖ ತಿರುಗಿಸದೆ ಮಾತನಾಡುವಂತೆ ಮನವೊಲಿಸಿದರು. ಅಲ್ಲಿಯ ರೋಗಿಗಳು 1941ರಲ್ಲಿ ‘ಗಿನಿ ಪಿಗ್ ಕ್ಲಬ್’ ಎಂಬ ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು. ಸುಟ್ಟಗಾಯಗಳ ಯೋಧರ ಆಸ್ಪತ್ರೆಯೊಂದನ್ನು ‘ಫಾಯ್ಲ್ಸ್ ವಾರ್’ ಮಾಲೆಯೂ ‘ಎನಿಮಿ ಫೈರ್’ ಎಂಬ ನಾಟಕದಲ್ಲಿ ಚಿತ್ರಿಸಿದೆ. ಆದುದರಿಂದ ಈ ಸಂಗತಿಯು ನಾಟಕಕಾರರಿಗೆ ಅಪರಿಚಿತವಲ್ಲ. ಒಂದು ಇಡೀ ಪಟ್ಟಣಕ್ಕೆ ಬೋಧನೆ ಬೇಕಾದ ವಿಷಯದಲ್ಲಿ, ನಾಲ್ಕು ಗೋಡೆಗಳ ನಡುವೆ ಒಬ್ಬಳೇ ಇದ್ದ ಹೆಂಡತಿಗೆ ಬೋಧಿಸಿದವರು ಯಾರು? ಮಿಲ್ನರನಿಗೆ ಫಾಯ್ಲನು ದೊರೆತನು. ಜೇನಳಿಗೆ ಯಾರೂ ದೊರೆಯಲಿಲ್ಲ. ಈ ವ್ಯತ್ಯಾಸವನ್ನು ನಾಟಕವು ಕಂಡಿದೆ. ಆದರೆ ಅದನ್ನು ಕಂಡುದಾಗಿ ಒಪ್ಪಿಕೊಳ್ಳುವುದಿಲ್ಲ.

ಮಿಲ್ನರ್ ದಂಪತಿಗಳ ಕಥೆ ಒಂಟಿ ಮನೆಯ ಕಥೆಯಲ್ಲವೆಂಬುದನ್ನು ಅಂಕಿಸಂಖ್ಯೆಗಳೂ ಹೇಳುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಯುದ್ಧವು ಆರಂಭವಾದ 1939ರಲ್ಲಿ ವರ್ಷಕ್ಕೆ ಸುಮಾರು 8,000 ಇದ್ದ ವಿಚ್ಛೇದನಗಳು, 1947ರಲ್ಲಿ 60,000ವನ್ನು ಮೀರಿದವು. ನ್ಯಾಯಾಲಯಗಳಿಗೆ ಈ ಹೊರೆಯನ್ನು ಹೊರುವುದು ಕಷ್ಟವಾಗಿ, 1946ರಲ್ಲಿ ನ್ಯಾಯಮೂರ್ತಿ ಡೆನಿಂಗ್ ಅವರ ಅಧ್ಯಕ್ಷತೆಯ ಸಮಿತಿಯು ಸಲಹೆ ಮಾಡಿದ ಮೇರೆಗೆ, ಮೊದಲ ತೀರ್ಪಿಗೂ ಅಂತಿಮ ತೀರ್ಪಿಗೂ ನಡುವಣ ಆರು ತಿಂಗಳ ಅವಧಿಯನ್ನು ಆರು ವಾರಗಳಿಗೆ ಇಳಿಸಲಾಯಿತು. ಯುದ್ಧವು ಒಡೆದ ಸಾವಿರಾರು ಮನೆಗಳಲ್ಲಿ ಕೊಲೆಗಾರನು ಬಂದು ಗಂಟನ್ನು ಬಿಡಿಸಲಿಲ್ಲ. ಗಂಡಹೆಂಡಿರು ನ್ಯಾಯಾಲಯದ ಮೆಟ್ಟಿಲೇರಿ, ಅಲ್ಲದ ತಪ್ಪನ್ನೂ ಕೆಲವೊಮ್ಮೆ ಒಪ್ಪಿಕೊಂಡು, ಅವಮಾನವನ್ನು ನುಂಗಿ, ಬೇರೆಬೇರೆಯಾಗಿ ಬದುಕಬೇಕಾಯಿತು. ಆ ಯುದ್ಧದ ಗೃಹಚರಿತ್ರೆಯಲ್ಲಿ ಬರೆಯಬೇಕಾದ ಅಧ್ಯಾಯವು ಅದು. ಯುದ್ಧಕಾಲದ ಸಣ್ಣಪುಟ್ಟ ವಿವರಗಳನ್ನೂ ಕೈಬಿಡದ ಒಂದು ನಾಟಕಮಾಲೆ ಈ ಅಧ್ಯಾಯದ ಬಾಗಿಲವರೆಗೆ ಬಂದು ಹಿಂದಿರುಗಿದುದು ವಿಷಾದದ ಸಂಗತಿ.

6

ಇಷ್ಟನ್ನು ಹೇಳಿದುದರಿಂದ ಕೃತಿಯನ್ನು ನಾವು ತಿರಸ್ಕರಿಸಿದೆವೆಂದು ವಾಚಕರು ತಿಳಿಯಬಾರದು. ಸಾಧಾರಣ ಕೃತಿಯಲ್ಲಾಗಿದ್ದರೆ ಜೇನಳು ಮೊದಲಿನಿಂದಲೂ ದುಷ್ಟೆಯಾಗಿರುತ್ತಿದ್ದಳು. ಅವಳ ಸಾವಿನಿಂದ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಹೊರೊವಿಟ್ಸ್ ಅವರು ಅವಳನ್ನು ಮನುಷ್ಯಳನ್ನಾಗಿ ಮಾಡಿದುದರಿಂದಲೇ ಅವಳಿಗಾದ ಅನ್ಯಾಯವು ನಮ್ಮ ಗಮನಕ್ಕೆ ಬರುತ್ತದೆ. ದೋಷವನ್ನು ಕಾಣುವ ಕಣ್ಣನ್ನು ಕೃತಿಯೇ ನಮಗೆ ಕೊಟ್ಟಿದೆ.

ಯುದ್ಧದ ಗದ್ದಲದಲ್ಲಿಯೂ ಒಂದು ಜೀವದ ಲೆಕ್ಕವನ್ನು ಬಿಡಲಾಗದೆಂಬ ಫಾಯ್ಲನ ಧರ್ಮವನ್ನು ನಾವು ಆರಂಭದಲ್ಲಿ ಉಲ್ಲೇಖಿಸಿದೆವು. ಆ ಧರ್ಮಕ್ಕನುಸಾರವಾಗಿ ಫಾಯ್ಲನು ಜೇನಳ ಕೊಲೆಗಾರನನ್ನು ಹುಡುಕಿ ಹಿಡಿದನು. ಅವಳು ಹೇಗೆ ಸತ್ತಳೆಂಬ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಅವಳು ಏಕೆ ಅಂಜಿದಳು, ಏನು ನಿಶ್ಚಯಿಸಿಕೊಂಡು ಮರಳಿ ಬಂದಳು, ಬದುಕಿದ್ದರೆ ಏನು ಮಾಡುತ್ತಿದ್ದಳು ಎಂಬ ಪ್ರಶ್ನೆಗಳನ್ನು ಯಾರೂ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಈ ನಾಟಕಗಳನ್ನು ವಿದ್ಯಾರ್ಥಿಗಳೊಡನೆ ನೋಡುವ ಅಧ್ಯಾಪಕರು ಮಗುವಿನ ಜನನದ ದೃಶ್ಯವು ಬಂದಾಗ ಕ್ಷಣಕಾಲ ತಡೆದು, ಆ ಪ್ರಶ್ನೆಗಳನ್ನು ಕೇಳುವುದೊಳ್ಳೆಯದು. ನಾಟಕವು ಮಾಡದೆ ಬಿಟ್ಟ ವಿಚಾರಣೆಯನ್ನು ತರಗತಿಯಲ್ಲಾದರೂ ನಡೆಸಬಹುದೆಂಬುದು ನಮ್ಮ ಅಭಿಪ್ರಾಯ.